ವೀರಗಲ್ಲುಗಳ ಪಕ್ಕದ ಮನೆಯಲ್ಲಿ ಎಡೆ ಇಟ್ಟ ದಿನ

ಮೊದಲೇ ಹೇಳಿಬಿಡುತ್ತೇನೆ, ನಾನು ದೆವ್ವ ಭೂತ ನಂಬುವವಳಲ್ಲ. ಕುವೆಂಪುನಗರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಹೆಂಗಸರು ಬಂದು ಕೂತು ಹೋಗುವ ಜಾಗ. ರವಿಕೆಗೆ ಅಳತೆ ಕೊಡುತ್ತಲೇ ಯಾರ ಮನೆಯ ಹುಣಸೆಮರದಲ್ಲಿ ಏನು ಕಂಡಿತು, ಯಾರ ಸೊಸೆಯ ಮೈಮೇಲೆ ಯಾರು ಬಂದರು ಎಂಬ ಕಥೆಗಳನ್ನೆಲ್ಲ ಅವರು ಅಲ್ಲಿ ಬಿಚ್ಚುತ್ತಿದ್ದರು. ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೇಳುತ್ತಿದ್ದೆ. ಕಡೆಗೆ, "ಆ ದೆವ್ವ ಒಂದ್ಸಲ ರವಿಕೆ ಹೊಲಿಸೋಕೆ ಬರ್ಲಿ ಕಣ್ರೀ, ಅಳತೆ ತಗೊಂಡ್ಮೇಲೆ ನಂಬ್ತೀನಿ" ಎಂದು ನಗಿಸುತ್ತಿದ್ದೆ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಆ ಮಾತು ಆಡಿ ನಗುವುದನ್ನು ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎನ್ನುವುದನ್ನು ನಡೆದದ್ದು ನಡೆದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ತೊಂಬತ್ತರ ದಶಕದಲ್ಲಿ ನಾವು ಶ್ರೀರಾಂಪುರದ ಹೊಸ ಬಡಾವಣೆಗೆ ಬಂದೆವು. ಅಪ್ಪ ಬದುಕಿದ್ದಾಗ ತೆಗೆದುಕೊಂಡಿದ್ದ ಸೈಟು. ಮನೆ ಕಟ್ಟಿಸಿದವನು ನನ್ನ ತಮ್ಮ ನಂಜುಂಡ. ಅವನು ಮಿಲಿಟರಿಯಲ್ಲಿದ್ದ, ರಜೆಗೆ ಬಂದಾಗಲೆಲ್ಲ ಗಾರೆಯವರ ಜೊತೆ ತಾನೂ ಇಟ್ಟಿಗೆ ಹೊತ್ತು ಕಟ್ಟಿಸಿದ. ಮನೆಯಲ್ಲಿ ಇದ್ದದ್ದು ನಾನು ಮತ್ತು ಅವ್ವ ಇಬ್ಬರೇ. ಆಗಿನ್ನೂ ನನಗೆ ಮದುವೆಯಾಗಿರಲಿಲ್ಲ. ಸುತ್ತ ಮನೆಗಳು ಅಲ್ಲೊಂದು ಇಲ್ಲೊಂದು, ಉಳಿದದ್ದೆಲ್ಲ ಹುಲ್ಲು ಬೆಳೆದ ಖಾಲಿ ಸೈಟುಗಳು.

ನಮ್ಮ ಪಕ್ಕದ ಖಾಲಿ ಸೈಟಿನಲ್ಲಿ ಒಂದು ಹೊಂಗೆ ಮರ, ಅದರ ಕೆಳಗೆ ಮೂರು ವೀರಗಲ್ಲುಗಳಿದ್ದವು. ಸೊಂಟದ ಎತ್ತರದವು, ಒಂದು ವಾಲಿಕೊಂಡಿತ್ತು. ಕತ್ತಿ ಎತ್ತಿ ನಿಂತ ಗಂಡಾಳು, ಅವನ ಕಾಲ ಬಳಿ ಬಿದ್ದ ಹೆಣಗಳು, ಒಂದು ಮೂಲೆಯಲ್ಲಿ ಸಾಲಾಗಿ ಹಸುಗಳು. ಯಾವ ಕಾಲದಲ್ಲೋ ದನ ಹೊಡೆದುಕೊಂಡು ಹೋಗಲು ಬಂದವರಿಗೂ ಊರಿನವರಿಗೂ ಆ ಬಯಲಲ್ಲಿ ದೊಡ್ಡ ಕಾಳಗವಾಯಿತಂತೆ, ದನ ಬಿಡಿಸಲು ಹೋದವರು ಅಲ್ಲೇ ಬಿದ್ದರಂತೆ. ಹಳೆಯ ಊರಿನವರು ಹೇಳುತ್ತಿದ್ದದ್ದು ಇಷ್ಟೇ. ಕಲ್ಲಿನ ಮೇಲೆ ಒಂದಕ್ಷರವೂ ಇಲ್ಲ, ಯಾರಿಗೂ ಅವರ ಹೆಸರು ಗೊತ್ತಿಲ್ಲ. ಪೂಜೆ ಇಲ್ಲ, ದೀಪ ಇಲ್ಲ. ಪಕ್ಕದ ಬೀದಿಯವರು ಅಲ್ಲಿ ಹಸು ಮೇಯಲು ಬಿಡುತ್ತಿದ್ದರು, ಹಸುಗಳು ಆ ಕಲ್ಲಿಗೇ ಮೈ ತುರಿಸಿಕೊಳ್ಳುತ್ತಿದ್ದವು. ನಂಜುಂಡ ರಜೆಯಲ್ಲಿದ್ದಾಗ ಬೆಳಗಿನ ಕಾಫಿ ಲೋಟ ಹಿಡಿದು ಆ ವಾಲಿದ ಕಲ್ಲಿನ ಪಕ್ಕ ಹೋಗಿ ಕೂರುತ್ತಿದ್ದ. "ಇವ್ರೂ ನಮ್ ಡ್ಯೂಟಿಯವ್ರೇ ಕಣಕ್ಕ, ಪೆನ್ಷನ್ ಒಂದಿಲ್ಲ ಅಷ್ಟೇ" ಅನ್ನುತ್ತಿದ್ದ.

ಆಮೇಲೆ ಒಂದು ಬೇಸಿಗೆಯಲ್ಲಿ ಗಡಿಯ ಬೆಟ್ಟಗಳ ಮೇಲೆ ಯುದ್ಧ ಶುರುವಾಯಿತು. ಟೀವಿಯಲ್ಲಿ ದಿನಾ ಅದೇ. ನಂಜುಂಡನ ಪತ್ರಗಳು ನಿಂತವು. ಯುದ್ಧ ಮುಗಿದ ಮೇಲೆ ಒಂದು ತಂತಿ ಬಂತು: ಕಾಣೆಯಾಗಿದ್ದಾನೆ, ಹುಡುಕುತ್ತಿದ್ದೇವೆ. ಸತ್ತಿದ್ದಾನೆ ಎಂದಿದ್ದರೆ ಎದೆ ಬಡಿದುಕೊಂಡು ಅಳಬಹುದಿತ್ತು, ಬದುಕಿದ್ದಾನೆ ಎಂದಿದ್ದರೆ ಗುಡಿಗೆ ಹೋಗಿ ಕಾಯಿ ಒಡೆಯಬಹುದಿತ್ತು. ಕಾಣೆಯಾಗಿದ್ದಾನೆ ಎಂದರೆ ಏನು ಮಾಡುವುದು ಹೇಳಿ? ಅವ್ವ ಮಾತ್ರ ಒಂದೇ ಹಟ ಹಿಡಿದಳು. ಮಗ ಬದುಕಿದ್ದಾನೆ, ಎಲ್ಲೋ ಪೆಟ್ಟಾಗಿ ಮಲಗಿದ್ದಾನೆ, ದೀಪಾವಳಿ ಹೊತ್ತಿಗೆ ಬರುತ್ತಾನೆ. "ಹಬ್ಬಕ್ಕೆ ಹಾಕ್ಕೊಳ್ಳೋಕೆ ಒಂದು ಶರ್ಟು ಹೊಲಿದಿಡು ಮಗಾ" ಎಂದಳು. ಹೊಲಿದೆ. ನೀಲಿ ಗೆರೆಯ ಬಟ್ಟೆ. ನಂಜುಂಡನ ಅಳತೆ ನನಗೆ ಬಾಯಿಪಾಠ, ಅವನ ಎಡಭುಜ ಬಲಕ್ಕಿಂತ ಚೂರು ಇಳಿಜಾರು. ಇಸ್ತ್ರಿ ಮಾಡಿ, ಮಡಿಸಿ, ಮಡಿಕೆ ಬಿಚ್ಚದ ಹಾಗೆ ಗುಂಡುಸೂಜಿ ಚುಚ್ಚಿ ಬೀರುವಿನಲ್ಲಿಟ್ಟೆ.

ದೀಪಾವಳಿಗೆ ಮುಂಚೆ ಪಿತೃಪಕ್ಷ ಬಂತು. ನಮ್ಮ ಕಡೆ ಹಿರಿಯರಿಗೆ ಎಡೆ ಇಡುವ ಹಬ್ಬ ಅದು. ನಡುಮನೆಯಲ್ಲಿ ಸಾಲಾಗಿ ಬಾಳೆಲೆ ಹಾಕಿ, ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸುತ್ತೇವೆ. ಒಬ್ಬೊಬ್ಬರ ಎಲೆಯ ಮುಂದೂ ಹೊಸ ಬಟ್ಟೆ, ಲೋಟದ ತುಂಬ ನೀರು. ಸಾಂಬ್ರಾಣಿ ಹಾಕಿ, ಹೆಸರು ಹಿಡಿದು ಕರೆದು, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳುತ್ತೇವೆ. ಅವರು ಬಂದು ಉಣ್ಣುವುದನ್ನು ಬದುಕಿರುವವರು ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು ಮನೆಯ ಹಿರಿಯರು ಕೆಮ್ಮಿ, ಬಾಗಿಲು ತಟ್ಟಿ ತೆಗೆಯುತ್ತಾರೆ. ಒಳಗೆ ಎಲ್ಲ ಇಟ್ಟ ಹಾಗೇ ಇರುತ್ತದೆ. ಆಮೇಲೆ ನಾವು ಕೂತು ಉಣ್ಣುತ್ತೇವೆ. ಚಿಕ್ಕಂದಿನಿಂದ ನಾನು ನೋಡಿದ್ದು ಇದೇ. ಬಾಗಿಲ ಹೊರಗೆ ಕೂತಾಗ ನನಗೆ ಯಾವತ್ತೂ ಹೊಟ್ಟೆ ಹಸಿದಿತ್ತೇ ಹೊರತು ಭಯ ಆಗಿರಲಿಲ್ಲ.

ಎಡೆ ಇಡಲು ಮಂಡಕಳ್ಳಿಯಿಂದ ದೊಡ್ಡಪ್ಪ ಬಂದರು. ಅಪ್ಪನ ಅಣ್ಣ, ದೊಡ್ಡ ಬಾಯಿ, ದೊಡ್ಡ ಮನಸ್ಸು. ಬಂದವರೇ ಅಡಿಗೆಮನೆ ಬಾಗಿಲಲ್ಲಿ ನಿಂತು ಅವ್ವನ ಹತ್ತಿರ ಮೆತ್ತಗೆ ಮಾತು ತೆಗೆದರು. "ನೋಡು ಲಕ್ಷ್ಮಮ್ಮ, ತಪ್ಪು ತಿಳ್ಕೋಬ್ಯಾಡ. ಮಗೀಗೆ ಏನಾರ ಆಗೋಗಿದ್ರೆ ಅಲ್ಲಿ ಅಸ್ಕೊಂಡು ಅಲೀತಿರ್ತದೆ. ಒಂದು ಎಲೆ ಅವ್ನಿಗೂ ಹಾಕ್ಬುಡಾನ."

ಅವ್ವ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. "ಬದ್ಕಿರೋ ಮಗನ್ಗೆ ಎಡೆ ಇಡೋಕೆ ನಾನೇನು ತಾಯಿಯೋ ಮಾರಿಯೋ ಭಾವ? ಅವನ ಎಸ್ರು ನಿಮ್ ಬಾಯಲ್ಲಿ ಬಂದ್ರೆ ಈ ಎಡೆನೆಲ್ಲಾ ತಿಪ್ಪೆಗೆ ಎಸ್ದುಬುಡ್ತೀನಿ."

"ಆಯ್ತು ಬುಡವ್ವ, ಎಸ್ರು ಎತ್ತಾಕಿಲ್ಲ" ಎಂದರು ದೊಡ್ಡಪ್ಪ. ಅವರು ಮಾತು ತಪ್ಪಲಿಲ್ಲ, ನಿಜ. ಆದರೆ ಮಾಡಿದ್ದೇ ಬೇರೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಎಲ್ಲ ಸಿದ್ಧವಾಯಿತು. ಅಜ್ಜನಿಗೆ, ಅಜ್ಜಿಗೆ, ಅಪ್ಪನಿಗೆ ಎಂದು ಮೂರು ಎಲೆ. ಮುದ್ದೆ, ಮಾಂಸದ ಸಾರು, ವಡೆ, ಕಡುಬು. ಮೂರು ಲೋಟಕ್ಕೂ ನಾನೇ ನೀರು ತುಂಬಿದೆ. ಆಗ ನಮ್ಮ ಬಡಾವಣೆಗೆ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು, ಬೆಳಿಗ್ಗೆಯೇ ಅಡಿಗೆಮನೆಯ ಡ್ರಮ್ಮು, ಬಿಂದಿಗೆ ಎಲ್ಲ ತುಂಬಿಸಿಟ್ಟಿದ್ದೆ. ಹಿಂಬಾಗಿಲಿನ ಚಿಲಕ ಹಾಕಿದೆ. ಕಿಟಕಿಗಳನ್ನೂ ಮುಚ್ಚಿದೆ, ಬೆಕ್ಕು ಬರಬಾರದಲ್ಲ. ಅವ್ವ ಸಾಂಬ್ರಾಣಿ ಹಾಕಿ, ಕೈ ಮುಗಿದು, ಮೊದಲೇ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಅವಳಿಗೆ ಅಪ್ಪನ ಹೆಸರು ಕೂಗುವುದನ್ನು ಕೇಳಲು ಆಗುತ್ತಿರಲಿಲ್ಲ.

ದೊಡ್ಡಪ್ಪ ಕರೆಯಲು ಶುರು ಮಾಡಿದರು. ಅಜ್ಜನ ಹೆಸರು, ಅಜ್ಜಿಯ ಹೆಸರು, ಅಪ್ಪನ ಹೆಸರು. ಆಮೇಲೆ ದನಿ ತಗ್ಗಿಸಿ, "ಕಾಳಗದಲ್ಲಿ ಪ್ರಾಣ ಬುಟ್ಟೋರು ಯಾರ್ಯಾರಿದ್ದೀರಪ್ಪಾ, ಎಲ್ಲಾ ಬಂದು ಉಂಡು ನೀರು ಕುಡ್ಕಂಡು ಹೋಗಿ" ಎಂದರು. ಹೆಸರು ಎತ್ತದೆ ನಂಜುಂಡನನ್ನು ಕರೆಯುವ ಉಪಾಯ ಅದು. ನಾನು ತಿರುಗಿ ನೋಡಿದೆ. ಸಾಲಿನ ಕೊನೆಯಲ್ಲಿ ನಾಲ್ಕನೆಯ ಎಲೆ. ಅದಕ್ಕೂ ಬಡಿಸಿದ್ದರು, ಲೋಟದಲ್ಲಿ ನೀರಿಟ್ಟಿದ್ದರು. ಎಲೆಯ ಮುಂದೆ ಬೀರುವಿನಿಂದ ತೆಗೆದ ನೀಲಿ ಗೆರೆಯ ಶರ್ಟು. ದೊಡ್ಡಪ್ಪ ಬಾಯಿ ಮೇಲೆ ಬೆರಳಿಟ್ಟು, ಕಣ್ಣಲ್ಲೇ ಬೇಡಿಕೊಂಡು, ನನ್ನನ್ನು ಹೊರಗೆ ಕರೆತಂದು ಬಾಗಿಲು ಎಳೆದು ಹೊರಗಿನ ಚಿಲಕ ಹಾಕಿದರು. ಕೂಗಿದರೆ ಅವ್ವನಿಗೆ ಗೊತ್ತಾಗುತ್ತದೆ, ಸುಮ್ಮನಿದ್ದರೆ ಒಳಗೆ ತಮ್ಮನಿಗೆ ಎಡೆ.

ದೊಡ್ಡಪ್ಪನಿಗೆ ಪಕ್ಕದ ಕಲ್ಲುಗಳ ನೆನಪೇ ಬಂದಿರಲಿಲ್ಲ. ನನಗೂ ಬಂದಿರಲಿಲ್ಲ ಅನ್ನಿ.

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಹಸುಗಳು. ಪಕ್ಕದ ಸೈಟಿನಲ್ಲಿ ಐದಾರು ಹಸುಗಳು ಮೇಯುತ್ತಿದ್ದವು. ಎಲ್ಲವೂ ಮೇಯುವುದನ್ನು ನಿಲ್ಲಿಸಿ ತಲೆ ಎತ್ತಿದ್ದವು. ಮರದ ಕಡೆಯಿಂದ ನಿಧಾನವಾಗಿ ಕತ್ತು ತಿರುಗಿಸುತ್ತಾ ಬಂದು ನಮ್ಮ ಮನೆಯ ಬಾಗಿಲನ್ನು ನೋಡುತ್ತಾ ನಿಂತವು. ರಸ್ತೆಯಲ್ಲಿ ಹೋಗುವ ಜನರನ್ನು ದನ ನೋಡುತ್ತವಲ್ಲ, ಹಾಗೆ. ಗಾಳಿ ಒಂದಿಷ್ಟೂ ಇರಲಿಲ್ಲ. ಆದರೂ ಹೊಂಗೆ ಮರದಿಂದ ನಮ್ಮ ಕಾಂಪೌಂಡಿನವರೆಗೆ ಒಣಹುಲ್ಲು ಸರಸರ ಎಂದಿತು.

ಆಮೇಲೆ ಒಳಗೆ ಸದ್ದು ಕೇಳಿತು. ನೀವು ಮದುವೆಮನೆಯಲ್ಲಿ ಪಂಕ್ತಿಗೆ ಜನ ಕೂರುವಾಗ ಆಗುವ ಸದ್ದು ಕೇಳಿರುತ್ತೀರಿ. ಮಾತಿಲ್ಲ, ಬರೀ ಮೈಗಳು ಒಂದಕ್ಕೊಂದು ತಾಗುವುದು, ಮೊಣಕಾಲು ಮಡಚುವುದು, ಕೂತ ಮೇಲೆ ಬಿಡುವ ನಿಟ್ಟುಸಿರು. ಅದೇ ಸದ್ದು. ಮೂರು ಜನರದ್ದಲ್ಲ, ನಾಲ್ಕು ಜನರದ್ದೂ ಅಲ್ಲ, ನಡುಮನೆ ತುಂಬಿ ಅಡಿಗೆಮನೆಯವರೆಗೆ ಜನ ಇರುವ ಸದ್ದು. ನಾನು ಕನಸು ಕಾಣುತ್ತಿದ್ದೇನೆ ಅಂದುಕೊಳ್ಳಲು ದೊಡ್ಡಪ್ಪನ ಮುಖ ಬಿಡಲಿಲ್ಲ. ಅಷ್ಟು ಮಾತಿನ ಮನುಷ್ಯ, ಬಾಯಿ ತೆರೆದುಕೊಂಡು ಬಾಗಿಲನ್ನೇ ನೋಡುತ್ತಿದ್ದರು.

ಹಿಂದೆಯೇ ನೀರು ಕುಡಿಯುವ ಸದ್ದು. ಗಟಗಟ, ಗಟಗಟ. ಲೋಟ ಕೆಳಗಿಡುವ ಸದ್ದು. ಮತ್ತೆ ಗಟಗಟ. ಡ್ರಮ್ಮಿನ ಮುಚ್ಚಳ ಸರಿದ ಸದ್ದು. ಬಾಯಾರಿದ ದನ ಕೊಪ್ಪರಿಗೆಗೆ ಬಾಯಿ ಹಾಕಿದ ಹಾಗೆ ಒಂದೇ ಸಮನೆ ಕುಡಿಯುತ್ತಿದ್ದರು. ಇವತ್ತಿಗೂ ಯಾರಾದರೂ ನನ್ನ ಎದುರು ನಿಂತು ಒಂದೇ ಉಸಿರಿಗೆ ನೀರು ಕುಡಿದರೆ ನಾನು ಎದ್ದು ಆಚೆ ಹೋಗುತ್ತೇನೆ.

ಅವ್ವ ಎದ್ದು ನಿಂತಳು. ಒಮ್ಮೆ ಬಾಗಿಲನ್ನು ನೋಡಿದಳು, ಒಮ್ಮೆ ದೊಡ್ಡಪ್ಪನ ಮುಖ ನೋಡಿದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

"ನನ್ ಮಗನ್ಗೂ ಎಲೆ ಹಾಕಿದ್ದೀರಾ ಭಾವ?"

ದೊಡ್ಡಪ್ಪ ತಲೆ ತಗ್ಗಿಸಿದರು. ಅವ್ವ ಬಾಗಿಲಿಗೆ ಹಾರಿಬಿದ್ದಳು. ನಾನು ಅವಳ ಸೊಂಟ ತಬ್ಬಿ ಹಿಡಿದೆ. ಒಳಗೆ ಹೋಗಬಾರದು, ನೋಡಬಾರದು ಎನ್ನುವುದೊಂದೇ ನನ್ನ ತಲೆಯಲ್ಲಿ ಇದ್ದದ್ದು. ಯಾವುದನ್ನೂ ನಂಬದ ನಾನು ಆಗ ಅದೊಂದನ್ನು ಪೂರ್ತಿ ನಂಬಿದ್ದೆ. ಅವ್ವ ಬಾಗಿಲಿಗೆ ಬಾಯಿ ಹಚ್ಚಿ ಕೂಗಿದಳು. "ನಂಜಾ! ಅಲ್ಲಿ ಕೂತ್ಕೋಬ್ಯಾಡ ಕಣೋ! ಅದು ನಿನ್ ಎಲೆ ಅಲ್ಲ, ಎದ್ದೇಳೋ! ನೀರು ಮುಟ್ಬ್ಯಾಡ ಕಣಪ್ಪಾ, ಎದ್ದೇಳು!"

ಒಳಗೆ ಎಲ್ಲ ಸದ್ದೂ ಒಟ್ಟಿಗೆ ನಿಂತಿತು.

ಆ ಮೌನದಷ್ಟು ನನ್ನನ್ನು ಹೆದರಿಸಿದ್ದು ಇನ್ನೊಂದಿಲ್ಲ. ಅಷ್ಟೂ ಜನ ಕತ್ತು ತಿರುಗಿಸಿ ಬಾಗಿಲ ಕಡೆ ನೋಡುತ್ತಿದ್ದಾರೆ ಅನ್ನಿಸಿತು. ಆಮೇಲೆ ಯಾರೋ ಒಬ್ಬರು ಎದ್ದರು. ಹೆಜ್ಜೆ ಹಾಕಿಕೊಂಡು ಬಂದರು. ಬಾಗಿಲ ಆಚೆಗೆ ನಿಂತರು. ಅವ್ವನ ಎರಡೂ ಅಂಗೈ ಬಾಗಿಲ ಮೇಲಿದ್ದವು, ನನ್ನ ಭುಜವೂ ಬಾಗಿಲಿಗೆ ಒತ್ತಿತ್ತು. ಮರದ ಹಲಗೆಯ ಆ ಬದಿಯಲ್ಲಿ ಇನ್ನೊಂದು ಭಾರ ಒರಗಿದ್ದು ನನಗೆ ಚೆನ್ನಾಗಿ ತಿಳಿಯಿತು. ಬೇಡ ದೇವರೇ, ಮಾತಾಡದೆ ಇರಲಿ, ಅಕ್ಕಾ ಅನ್ನದೆ ಇರಲಿ ಎಂದು ಕಣ್ಣು ಮುಚ್ಚಿ ಬೇಡಿಕೊಂಡೆ. ತಮ್ಮನ ದನಿ ಕೇಳಲು ತಿಂಗಳುಗಟ್ಟಲೆ ಕಾದಿದ್ದವಳು ಆವತ್ತು ಅದು ಕೇಳದಿರಲಿ ಎಂದು ಬೇಡಿಕೊಂಡೆ. ಬಾಗಿಲ ಬುಡದಲ್ಲಿ ಏನೋ ಮೆತ್ತಗೆ ಇಟ್ಟ ಹಾಗಾಯಿತು. ಭಾರ ಸರಿಯಿತು. ಪಕ್ಕದಲ್ಲಿ ಒಣಹುಲ್ಲು ಮತ್ತೆ ಸರಸರ ಎಂದಿತು. ಹಸುಗಳು ಒಂದೊಂದಾಗಿ ಕತ್ತು ತಿರುಗಿಸಿ ಹೊಂಗೆ ಮರದ ಕಡೆ ನೋಡಿದವು. ಆಮೇಲೆ ತಲೆ ಬಗ್ಗಿಸಿ ಮೇಯತೊಡಗಿದವು.

ಕೆಮ್ಮಬೇಕಾದ ದೊಡ್ಡಪ್ಪ ಗೇಟಿನವರೆಗೆ ಹಿಂದೆ ಸರಿದಿದ್ದರು. ಕೊನೆಗೆ ನಾನೇ ಚಿಲಕ ತೆಗೆದು ಬಾಗಿಲು ತಳ್ಳಿದೆ. ಅರ್ಧ ತೆರೆದು ಏನೋ ಅಡ್ಡ ಸಿಕ್ಕಿತು. ಬಗ್ಗಿ ನೋಡಿದರೆ ನೀಲಿ ಗೆರೆಯ ಶರ್ಟು. ಎಲೆಯ ಮುಂದೆ ಇದ್ದದ್ದು ಹೊಸ್ತಿಲ ಬಳಿ ಬಂದಿತ್ತು. ಮಡಿಕೆ ಬಿಚ್ಚಿರಲಿಲ್ಲ, ನಾನು ಚುಚ್ಚಿದ್ದ ಗುಂಡುಸೂಜಿ ಕೂಡ ಹಾಗೇ ಇತ್ತು.

ಊಟ ಯಾವ ಎಲೆಯಲ್ಲೂ ಮುಟ್ಟಿದಂತಿರಲಿಲ್ಲ. ನೀರು ಮಾತ್ರ ಇರಲಿಲ್ಲ. ಮೂರು ಲೋಟ ಖಾಲಿ. ಬಿಂದಿಗೆ ಖಾಲಿ. ಅಡಿಗೆಮನೆಯ ಡ್ರಮ್ಮು ತಳದವರೆಗೆ ಒಣಗಿತ್ತು, ನೆಲದ ಮೇಲೆ ಒಂದು ಹನಿಯೂ ಚೆಲ್ಲಿರಲಿಲ್ಲ. ಹಿಂಬಾಗಿಲಿನ ಚಿಲಕ ಹಾಕಿದ ಹಾಗೇ ಇತ್ತು. ಇಡೀ ಮನೆಯಲ್ಲಿ ನೀರು ಉಳಿದದ್ದು ಒಂದೇ ಕಡೆ. ನಾಲ್ಕನೆಯ ಎಲೆಯ ಮುಂದಿನ ಲೋಟ, ಅಂಚಿನವರೆಗೆ ತುಂಬಿಕೊಂಡು ಹಾಗೇ ನಿಂತಿತ್ತು.

ಅವ್ವ ಆ ಲೋಟದ ಎದುರು ಕುಕ್ಕರಿಸಿದಳು. ಅತ್ತಳೋ ನಕ್ಕಳೋ ಹೇಳುವುದು ಕಷ್ಟ. "ಅವನು ಇವ್ರ ಜೊತೆ ಇಲ್ಲ ಕಣೇ! ನೋಡ್ದಾ? ಶರ್ಟು ವಾಪಸ್ ಕೊಟ್ಬುಟ್ರು ಕಣೇ, ನನ್ ಮಗ ಅವ್ರಲ್ಲಿಲ್ಲ!" ಎಂದು ನನ್ನ ಕೈ ಹಿಡಿದು ಅಲುಗಾಡಿಸಿದಳು. ಹಾಲು ಕುಡಿದಷ್ಟು ಸಂತೋಷ ಅವಳ ಮುಖದಲ್ಲಿ. ದೊಡ್ಡಪ್ಪ ಉಣ್ಣದೆ ಹೊರಟುಹೋದರು, ಜ್ವರ ಬಂದು ಮಲಗಿದರೆಂದು ಆಮೇಲೆ ತಿಳಿಯಿತು. ಮುಂದಿನ ವರ್ಷದ ಹಬ್ಬಕ್ಕೆ ಬಂದವರೇ ಬಿಂದಿಗೆ ನೀರು ಹೊತ್ತುಕೊಂಡು ಹೋಗಿ ಮೂರು ಕಲ್ಲಿಗೂ ಸುರಿದು ಬಂದರು. ಅಂದಿನಿಂದ ನಮ್ಮ ಮನೆಯಲ್ಲಿ ಎಡೆಗೆ ಮುಂಚೆ ಕಲ್ಲುಗಳಿಗೆ ನೀರು. ಆ ಸೈಟಿನಲ್ಲಿ ಮನೆ ಎದ್ದು, ಕಲ್ಲುಗಳನ್ನು ರಸ್ತೆಯ ಮೂಲೆಗೆ ಸರಿಸಿದ ಮೇಲೂ ತಪ್ಪಿಸಿಲ್ಲ. ಆ ಸದ್ದು ನಮಗೆ ಮತ್ತೆ ಕೇಳಿಸಿಲ್ಲ.

ನಂಜುಂಡ ಆ ದೀಪಾವಳಿಗೆ ಬರಲಿಲ್ಲ. ಯಾವ ದೀಪಾವಳಿಗೂ ಬರಲಿಲ್ಲ. ಕೆಲವು ವರ್ಷಗಳಾದ ಮೇಲೆ ಅವನನ್ನು ತೀರಿಕೊಂಡವರ ಲೆಕ್ಕಕ್ಕೆ ಸೇರಿಸಿದರು. ಹೆಣ ಸಿಕ್ಕಿರಲಿಲ್ಲ. ಅವನ ಜೊತೆ ಇದ್ದ ಹಾಸನದ ಕಡೆಯ ಹುಡುಗನೊಬ್ಬ ಮನೆಗೆ ಬಂದು ಒಂದು ಫೋಟೋ ಕೊಟ್ಟ. ಆ ಬೆಟ್ಟಗಳ ಬುಡದಲ್ಲಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲು. ಸಾಲು ಸಾಲು ಹೆಸರುಗಳ ನಡುವೆ ನಮ್ಮ ನಂಜುಂಡನ ಹೆಸರು. ಅವ್ವ ಫೋಟೋ ನೋಡಿದಳು. "ಬರ್ಕೊಂಡವ್ರೆ. ಬರ್ಕೊಳ್ಳಿ ಬುಡು. ಅವತ್ತು ಲೋಟದಲ್ಲಿ ನೀರು ಅಂಗೇ ಇತ್ತು" ಎಂದು ವಾಪಸು ಕೊಟ್ಟಳು. ಆ ಹುಡುಗನಿಗೆ ಏನೂ ಅರ್ಥವಾಗಲಿಲ್ಲ, ಕಾಫಿ ಕುಡಿದು ಹೋದ.

ಅವ್ವ ಸಾಯುವವರೆಗೂ ಮಗನಿಗೆ ಎಲೆ ಹಾಕಲು ಬಿಡಲಿಲ್ಲ. ಗೇಟು ಸದ್ದಾದರೆ ಸಾಕು, ಎದ್ದು ನೋಡುತ್ತಿದ್ದಳು. ಕೆಲವೊಮ್ಮೆ ನನಗೆ ಆ ಬಾಯಾರಿದ ಜನರ ಮೇಲೆ ಸಿಟ್ಟು ಬರುತ್ತಿತ್ತು. ಅಷ್ಟು ನೀರು ಕುಡಿದವರು ಆ ಒಂದು ಲೋಟವನ್ನೂ ಕುಡಿದು ಹೋಗಿದ್ದರೆ ಅವ್ವ ಒಮ್ಮೆ ಅತ್ತು ಮುಗಿಸುತ್ತಿದ್ದಳು. ಅಥವಾ ನಂಜುಂಡ ತಮ್ಮಲ್ಲಿಲ್ಲ ಎಂದು ಅವರು ಹೇಳಿದ್ದು ಸತ್ಯವೇ ಇರಬಹುದು. ಅಥವಾ ಡ್ರಮ್ಮು ಸೋರಿರಬಹುದು, ನಾವು ಮೂವರೂ ಒಟ್ಟಿಗೆ ಹೆದರಿ ಏನೇನೋ ಕೇಳಿಸಿಕೊಂಡಿರಬಹುದು. ಡ್ರಮ್ಮನ್ನು ಆಮೇಲೆ ನೀರು ತುಂಬಿ ನೋಡಿದೆ, ಸೋರಲಿಲ್ಲ. ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ.

ಈಗ ನಮ್ಮ ಮನೆಯಲ್ಲಿ ಅವ್ವನಿಗೂ ಎಲೆ ಹಾಕುತ್ತೇವೆ. ಅವಳಿಗಿಷ್ಟ ಎಂದು ಕಡುಬು ಮಾಡುತ್ತೇನೆ, ಹೊಸ ಸೀರೆ ಇಡುತ್ತೇನೆ, ಲೋಟದ ತುಂಬ ನೀರಿಡುತ್ತೇನೆ. ಅವಳು ಈಗ ಆ ಕಡೆ ಇದ್ದಾಳೆ. ನಂಜುಂಡ ಅಲ್ಲಿದ್ದಾನೋ ಇಲ್ಲವೋ ಅವಳಿಗೆ ಗೊತ್ತು. ಆದ್ದರಿಂದ ಬಾಗಿಲು ಹಾಕಿದ ಮೇಲೆ ನಾನು ಕೂರುವುದಿಲ್ಲ, ನಿಂತೇ ಇರುತ್ತೇನೆ. ಒಳಗಿನಿಂದ ಅವಳ ದನಿಯಲ್ಲಿ "ಬಾರೋ ನಂಜಾ, ಕೂತ್ಕೋ" ಎಂದು ಕೇಳಿಸಿಬಿಟ್ಟರೆ? ಆ ಮಾತು ಹುಟ್ಟುವ ಮುಂಚೆಯೇ ಜೋರಾಗಿ ಕೆಮ್ಮಿ ಬಾಗಿಲು ತೆಗೆದುಬಿಡುತ್ತೇನೆ. ಸಾಂಬ್ರಾಣಿ ಹೊಗೆ ಕೂಡ ಇಳಿದಿರುವುದಿಲ್ಲ. ಮನೆಯವರು ಬೈಯುತ್ತಾರೆ. ಅವ್ವ ಸತ್ತಾಗಿನಿಂದ ಒಂದು ವರ್ಷವೂ ನಾನು ಅವಳಿಗೆ ನೆಮ್ಮದಿಯಾಗಿ ಉಣ್ಣಲು ಬಿಟ್ಟಿಲ್ಲ.